ಎರಡು ಸಾವಿರದ ಐನೂರ ಇಪ್ಪತ್ತು ತಂಬಿಟ್ಟು

ಮಾನ್ಯ, ತೇಜು,

ಹೋದ ಭಾನುವಾರ ತೇಜು ನೆಲದ ಮೇಲೆ ಪುಸ್ತಕ ಹರಡಿಕೊಂಡು, ಈ ಎಲ್‌ಸಿಎಂ ಅನ್ನೋದು ಯಾರಿಗಾದರೂ ಒಂದು ದಿನಕ್ಕಾದರೂ ಉಪಯೋಗಕ್ಕೆ ಬಂದಿದೆಯಾ ಅಂತ ಕೇಳಿದ. ನಿಮ್ಮಮ್ಮ ಏನೋ ಹೇಳಿದಳು. ನಿಮ್ಮಪ್ಪ ಮೊಬೈಲಿನಿಂದ ತಲೆ ಎತ್ತದೆ ಇನ್ನೇನೋ ಹೇಳಿದ. ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ನನಗೆ ಬಂದಿದೆ ಕಣೋ ಅಂತ ಹೇಳಬೇಕು ಅನ್ನಿಸಿತು. ಆದರೆ ನಾಲ್ಕು ಜನ ಸೇರಿದ ಕಡೆ ನನ್ನ ಬಾಯಿ ಏಳುವುದಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ನಿಮ್ಮ ತಾತ ಇದ್ದಾಗ ನನ್ನ ಪರವಾಗಿ ಅವರೇ ಮಾತಾಡುತ್ತಿದ್ದರು. ಅಂಗಡಿಯಲ್ಲಿ ಸೀರೆಯ ಬಣ್ಣ ನನಗೆ ಹಿಡಿಸಲಿಲ್ಲ ಅನ್ನುವುದನ್ನೂ ಅವರೇ ಹೇಳಬೇಕಾಗಿತ್ತು. ಅವರು ಹೋದ ಮೇಲೆ ನನ್ನ ಮಾತೆಲ್ಲ ನನ್ನಲ್ಲೇ ಉಳಿದುಕೊಂಡಿದೆ. ಹೇಳಲು ಆಗದ್ದನ್ನು ಬರೆಯಬಹುದಲ್ಲ ಅಂತ ಈ ಹಾಳೆ ತೆಗೆದುಕೊಂಡು ಕೂತಿದ್ದೇನೆ. ಏಳನೇ ಕ್ಲಾಸಿನವರೆಗೆ ಹಳ್ಳಿ ಸ್ಕೂಲಿನಲ್ಲಿ ಓದಿದವಳ ಬರವಣಿಗೆ, ತಪ್ಪಿದ್ದರೆ ನಗಬೇಡಿ. ಕಥೆಗೆ ನಗಬಹುದು.

ನಾನು ಹುಟ್ಟಿದ ಮನೆ ಪಂಚನಹಳ್ಳಿಯ ಹತ್ತಿರ. ಉದ್ದನೆಯ ಹೆಂಚಿನ ಮನೆ, ಮುಂದೆ ಪಡಸಾಲೆ, ಮಧ್ಯೆ ನಡುಮನೆ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಕೊಟ್ಟಿಗೆ. ಅಟ್ಟದ ತುಂಬ ತೆಂಗಿನಕಾಯಿ. ಅವು ಅಲ್ಲೇ ವರ್ಷಗಟ್ಟಲೆ ಒಣಗಿ ಕೊಬ್ಬರಿಯಾಗುವವರೆಗೆ ನಾವೆಲ್ಲ ಅವುಗಳ ಕೆಳಗೇ ಮಲಗಿ ಏಳುತ್ತಿದ್ದೆವು. ಇಲಿ ಓಡಿದರೆ ಒಂದು ಕಾಯಿ ಗಡಗಡ ಉರುಳಿ ಇನ್ನೊಂದಕ್ಕೆ ಬಡಿಯುತ್ತಿತ್ತು. ಹೊಸದಾಗಿ ಬಂದ ನೆಂಟರು ಎದ್ದು ಕೂರುತ್ತಿದ್ದರು, ನಾವು ಮಗ್ಗುಲು ಬದಲಿಸುತ್ತಿದ್ದೆವು. ಅಡುಗೆಮನೆಗೆ ಅಂಟಿಕೊಂಡ ಕತ್ತಲೆ ಕೋಣೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆಗಳಿದ್ದವು, ನನಗಿಂತ ಎತ್ತರ. ಮನೆಗೆ ಯಾರೇ ಬಂದರೂ ನಾನು ಆ ವಾಡೆಗಳ ಹಿಂದೆ ಸೇರಿಕೊಳ್ಳುತ್ತಿದ್ದೆ. ಬಂದವರು ಎಲ್ಲಿ ಗೌರಿ ಅಂದರೆ, ರಾಗಿ ಕಾಯ್ತಾ ಅವಳೆ ಅನ್ನುತ್ತಿದ್ದಳು ಅವ್ವ. ಸ್ಕೂಲಿನಲ್ಲೂ ಅಷ್ಟೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ನನ್ನ ನಾಲಿಗೆಯ ಮೇಲಿರುತ್ತಿತ್ತು, ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಎದ್ದು ನಿಂತು ಹೇಳಿ ಭೇಷ್ ಅನ್ನಿಸಿಕೊಳ್ಳುತ್ತಿದ್ದಳು. ನನಗೆ ಅದರಿಂದ ಬೇಜಾರೇನೂ ಆಗುತ್ತಿರಲಿಲ್ಲ.

ಮನೆಯ ಯಜಮಾನಿಕೆ ನನ್ನ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಅಜ್ಜಿಗೆ ಸಮಪಾಲು ಅನ್ನುವುದು ದೇವರಿದ್ದ ಹಾಗೆ. ನಾವು ಮಕ್ಕಳು ಐದು ಜನ. ಮುದ್ದೆ ಕಟ್ಟಿದರೆ ಎರಡೂ ಅಂಗೈಯಲ್ಲಿ ತೂಗಿ ನೋಡಿ, ಒಂದರಿಂದ ಚಿವುಟಿ ಇನ್ನೊಂದಕ್ಕೆ ಮೆತ್ತುತ್ತಿದ್ದಳು. ಅಷ್ಟು ಹೊತ್ತಿಗೆ ಸಾರು ಆರಿರುತ್ತಿತ್ತು. ಮಾವಿನಹಣ್ಣು ಕೊಯ್ದರೆ ಇವತ್ತು ವಾಟೆ ಚೀಪುವವರು ಯಾರು ಅಂತ ಅಜ್ಜಿಯ ತಲೆಯಲ್ಲಿ ಸರದಿ ಇರುತ್ತಿತ್ತು, ಜ್ವರ ಬಂದು ಮಲಗಿದರೂ ಸರದಿ ತಪ್ಪುತ್ತಿರಲಿಲ್ಲ. ಹಂಚಿ ಮಿಕ್ಕಿದ್ದು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಒಂದು ಚಕ್ಕುಲಿ ಮಿಕ್ಕರೆ ಅದನ್ನು ಐದು ಚೂರು ಮಾಡುತ್ತಿದ್ದಳು, ಚೂರು ಸಮ ಆಗದಿದ್ದರೆ ಹಸುವಿಗೆ ಹಾಕುತ್ತಿದ್ದಳು. ನಮ್ಮ ಹಸು ನಮ್ಮೆಲ್ಲರಿಗಿಂತ ದಪ್ಪಗಿತ್ತು.

ಈ ಮಿಕ್ಕಿದ್ದರ ಭಯಕ್ಕೆ ಒಂದು ಕಾರಣ ಇತ್ತು. ನಮ್ಮ ಮನೆತನದಲ್ಲಿ ಹೆಣ್ಣು ಮದುವೆಯಾಗಿ ಹೋಗುವಾಗ ಅವಳ ಜೊತೆ ಒಂದು ಕುಕ್ಕೆ ತಂಬಿಟ್ಟು ಕಳಿಸುವ ಪದ್ಧತಿ. ಹುರಿಗಡಲೆ ಹಿಟ್ಟು, ಕೊಬ್ಬರಿ ಚೂರು, ಬೆಲ್ಲದ ಪಾಕ ಸೇರಿಸಿ ಕಟ್ಟಿದ ಉಂಡೆ. ಕುಕ್ಕೆಗೆ ಹಳದಿ ಬಟ್ಟೆ ಕಟ್ಟಿ ದೇವರ ಮುಂದಿಟ್ಟ ಮೇಲೆ ಅದನ್ನು ಗಂಡಿನ ಊರಿನಲ್ಲಿ ಬೀಗರ ಹಿರಿಯರು ಮಾತ್ರ ಬಿಚ್ಚಬೇಕು. ಅವರ ವಂಶದಲ್ಲಿ ಎಷ್ಟು ಒಲೆ ಉರಿಯುತ್ತವೋ ಅಷ್ಟು ಸಮಪಾಲು ಮಾಡಿ ಒಲೆಗೊಂದರಂತೆ ಕೊಡಬೇಕು. ಕುಕ್ಕೆ ಖಾಲಿಯಾಗಬೇಕು. ಮಿಕ್ಕರೆ, ಆ ಹೆಣ್ಣೂ ಆ ಮನೆಯಲ್ಲಿ ಮಿಕ್ಕವಳೇ, ತವರಿಗೆ ವಾಪಸ್ಸು ಬರುತ್ತಾಳೆ ಅಂತ ಅಜ್ಜಿಯ ನಂಬಿಕೆ. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ನಿಮ್ಮಲ್ಲಿ ಎಷ್ಟು ಒಲೆ ಅಂತ ಬೀಗರನ್ನು ಮೊದಲೇ ಕೇಳುವಂತಿರಲಿಲ್ಲ. ಕೇಳಿದರೆ ಅಳೆದು ಕೊಡುವ ಜಿಪುಣರು ಅಂದುಕೊಳ್ಳುತ್ತಾರೆ.

ನನಗೆ ಇಬ್ಬರು ಸೋದರತ್ತೆಯರು. ದೊಡ್ಡತ್ತೆಯನ್ನು ಅಜ್ಜಂಪುರದ ಕಡೆ ಕೊಟ್ಟಿದ್ದರು. ಅವಳ ಕುಕ್ಕೆಯಲ್ಲಿ ಮೂರು ತಂಬಿಟ್ಟು ಮಿಕ್ಕಿತಂತೆ. ನಾನು ಅಂಬೆಗಾಲಿಡುವ ಹೊತ್ತಿಗೆ ದೊಡ್ಡತ್ತೆ ಟ್ರಂಕು ಹಿಡಿದುಕೊಂಡು ವಾಪಸ್ಸು ಬಂದಿದ್ದಳು. ಅತ್ತೆಮನೆಯಲ್ಲಿ ಉಪ್ಪಿನ ಜಾಡಿಗೂ ಬೀಗ ಹಾಕುತ್ತಿದ್ದರಂತೆ, ಗಂಡ ಅನ್ನುವವನು ತಾಯಿಯನ್ನು ಕೇಳದೆ ಸೀನುತ್ತಲೂ ಇರಲಿಲ್ಲವಂತೆ. ದೊಡ್ಡತ್ತೆ ಇದನ್ನು ನಗುತ್ತಲೇ ಹೇಳುತ್ತಿದ್ದಳು. ಅಜ್ಜಿ ಮಾತ್ರ ಜಾಡಿಯನ್ನೂ ಗಂಡನನ್ನೂ ಬಿಟ್ಟು ಆ ಮೂರು ತಂಬಿಟ್ಟನ್ನೇ ಹಿಡಿದುಕೊಂಡಿದ್ದಳು. ವಾಪಸ್ಸು ಬಂದವಳು ಅಂತ ಮದುವೆಮನೆಗಳಿಗೆ ಅವಳನ್ನು ಕರೆದೊಯ್ಯುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಅವಳ ತಟ್ಟೆ ಎಲ್ಲರಿಗಿಂತ ಕೊನೆಗೆ. ಸಮಪಾಲಿನ ಅಜ್ಜಿ ಮುದ್ದೆಯ ಗಾತ್ರದಲ್ಲಿ ಮೋಸ ಮಾಡುತ್ತಿರಲಿಲ್ಲ, ಬಡಿಸುವ ಸರದಿಯಲ್ಲಿ ಮಾಡುತ್ತಿದ್ದಳು.

ಚಿಕ್ಕತ್ತೆಗೆ ಲಿಂಗದಹಳ್ಳಿ ಕಡೆಯ ಗಂಡು ಗೊತ್ತಾಯಿತು. ತರೀಕೆರೆಯಲ್ಲಿ ಯಾರದೋ ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ಅವನು ಪಂಕ್ತಿಯಲ್ಲಿ ನೀರು ಬಡಿಸುತ್ತಾ ಇವಳ ಲೋಟಕ್ಕೆ ನಾಲ್ಕು ಸಲ ನೀರು ಹಾಕಿದನಂತೆ, ಇವಳು ನಾಲ್ಕು ಸಲವೂ ಕುಡಿದಳಂತೆ. ಚಿಕ್ಕತ್ತೆ ನನ್ನ ಪ್ರಾಣ. ವಾಡೆಯ ಹಿಂದೆ ನಾನು ಕೂತಿದ್ದರೆ ಬಂದು ಪಕ್ಕದಲ್ಲಿ ಕೂತು ಕಡಲೆ ತಿನ್ನುತ್ತಿದ್ದಳು, ಹೊರಗೆ ಬಾ ಅಂತ ಎಂದೂ ಎಳೆದವಳಲ್ಲ. ಅವಳಿಗೆ ಈ ಗಂಡೇ ಬೇಕಾಗಿತ್ತು. ಅಜ್ಜಿ ಮಾತ್ರ, ಅವರ ಒಲೆ ಎಷ್ಟು ಅಂತ ತಿಳಿಯುವವರೆಗೆ ಲಗ್ನದ ಮಾತಿಲ್ಲ ಅಂತ ಕೂತುಬಿಟ್ಟಳು. ಒಬ್ಬಳು ಮಗಳು ವಾಪಸ್ಸು ಬಂದಿದ್ದು ಸಾಕು ಅಂದಳು. ಅಪ್ಪ ಆ ಕಡೆಗೆ ಅಡಿಕೆ ಸಸಿ ತರುವ ನೆಪದಲ್ಲಿ ಹೋಗಿ ಬಂದ. ಬಂದವನ ಮುಖ ಸಪ್ಪಗಿತ್ತು. ಅವರ ದಾಯಾದಿಗಳು ಜಗಳ ಆಡಿದರೆ ಒಲೆ ಬೇರೆ ಮಾಡುತ್ತಾರೆ, ರಾಜಿ ಆದರೆ ಒಂದು ಮಾಡುತ್ತಾರೆ. ಹೋದ ದಿನ ಏಳು ಅಂದರು, ಸಂಜೆಗೆ ಎಂಟು ಆಗಿತ್ತು, ಹಬ್ಬಕ್ಕೆ ಒಂಬತ್ತೂ ಆಗಬಹುದು ಅಂದರು.

ಆ ಸಂಜೆ ಅಪ್ಪ ಪಡಸಾಲೆಯ ಚಾಪೆಯ ಮೇಲೆ ಕಡಲೆಕಾಯಿ ಬೀಜ ಸುರಿದುಕೊಂಡು ಕೂತ. ನೂರು ಬೀಜ ಇಟ್ಟು ಏಳು ಪಾಲು ಮಾಡಿದ, ಎರಡು ಮಿಕ್ಕಿತು. ನೂರಿಪ್ಪತ್ತು ಇಟ್ಟ, ಎಂಟಕ್ಕೆ ಸರಿಹೋಯಿತು, ಏಳಕ್ಕೆ ಒಂದು ಮಿಕ್ಕಿತು, ಒಂಬತ್ತಕ್ಕೆ ಮೂರು. ಏಳಕ್ಕೆ ಸರಿಮಾಡಿದರೆ ಎಂಟು ಕೆಡುತ್ತಿತ್ತು, ಎಂಟಕ್ಕೆ ಸರಿಮಾಡಿದರೆ ಒಂಬತ್ತು ಕೆಡುತ್ತಿತ್ತು. ಮಿಕ್ಕ ಬೀಜವನ್ನೆಲ್ಲ ಬೇಸರಕ್ಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದರಿಂದ ಲೆಕ್ಕ ಇನ್ನಷ್ಟು ಕೆಟ್ಟಿತು. ಅಜ್ಜಿ ತಲೆ ಅಲ್ಲಾಡಿಸುತ್ತಿದ್ದಳು. ಚಿಕ್ಕತ್ತೆ ಕಂಬಕ್ಕೆ ಒರಗಿ ನಿಂತಿದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದನ್ನು ನಾನು ನೋಡಿದೆ.

ಅದೇ ವಾರ ಮೇಷ್ಟ್ರು ನಮಗೆ ಲ.ಸಾ.ಅ. ಕಲಿಸಿದ್ದರು. ತೇಜು, ನಿನ್ನ ಎಲ್‌ಸಿಎಂ ಅನ್ನುವುದೇ ನಮ್ಮ ಲಘುತಮ ಸಾಮಾನ್ಯ ಅಪವರ್ತ್ಯ. ನಾನು ವಾಡೆಯ ಹಿಂದೆ ಸ್ಲೇಟು ಇಟ್ಟುಕೊಂಡು ಮದುವೆಗೆ ಕರೆಯುವ ಹಾಗೆ ಯೋಚನೆ ಮಾಡಿದೆ. ಆ ದಾಯಾದಿಗಳು ರಾಜಿಯಾಗಿ ಒಂದೇ ಒಲೆಗೂ ಇಳಿಯಬಹುದು, ಜಗಳವಾಡಿ ಹತ್ತಕ್ಕೂ ಏರಬಹುದು, ಅದಕ್ಕೇ ಒಂದರಿಂದ ಹತ್ತರವರೆಗೆ ಎಲ್ಲರೂ ಬರಬೇಕು, ಆದರೆ ಎಲ್ಲರಿಗೂ ಬೇರೆ ಬೇರೆ ಕರೆ ಕೊಡಬೇಕಾಗಿಲ್ಲ. ಎಂಟನ್ನು ಕರೆದರೆ ಎರಡೂ ನಾಲ್ಕೂ ಅದರ ಜೊತೆಗೇ ಬರುತ್ತವೆ. ಒಂಬತ್ತನ್ನು ಕರೆದರೆ ಮೂರು ಬಂದ ಹಾಗೆ. ಆರಕ್ಕೆ ಎರಡು ಮೂರು ಇಬ್ಬರೂ ನೆಂಟರು, ಅದೂ ಬಂತು. ಐದನ್ನು ಬೇರೆ ಕರೆಯಬೇಕು, ಅದು ಬಂದರೆ ಹತ್ತೂ ಬರುತ್ತದೆ. ಏಳು ಮಾತ್ರ ಯಾರ ಜೊತೆಯೂ ಬರುವ ಪೈಕಿ ಅಲ್ಲ, ಅದರ ಮನೆಗೇ ಹೋಗಿ ಕರೆಯಬೇಕು. ಎಂಟು, ಒಂಬತ್ತು, ಐದು, ಏಳು. ಗುಣಿಸಿದೆ. ಹಿಂದಿನಿಂದ ಮುಂದಕ್ಕೂ ಗುಣಿಸಿದೆ, ಅದೇ ಬಂತು. ಸ್ಲೇಟು ಹಿಡಿದುಕೊಂಡು ಹೊರಗೆ ಬಂದು ಚಿಕ್ಕತ್ತೆಯ ಕಿವಿಯಲ್ಲಿ ಹೇಳಿದೆ. ಅವಳು ಅದನ್ನು ಗಟ್ಟಿಯಾಗಿ ಹೇಳಿದಳು.

ಎರಡು ಸಾವಿರದ ಐನೂರ ಇಪ್ಪತ್ತು.

ಅಪ್ಪ ಸ್ಲೇಟು ಕಿತ್ತುಕೊಂಡು ಏಳರಿಂದ ಭಾಗಿಸಿದ, ಎಂಟರಿಂದ ಭಾಗಿಸಿದ, ಒಂಬತ್ತರಿಂದ ಭಾಗಿಸಿದ. ಪ್ರತಿ ಸಲವೂ ಕೊನೆಯಲ್ಲಿ ಸೊನ್ನೆ ಬಂದಾಗ ನನ್ನನ್ನು ಒಂದು ಥರ ನೋಡುತ್ತಿದ್ದ. ಮಾರನೇ ದಿನ ಮೇಷ್ಟ್ರನ್ನು ಕೇಳಿ ಬಂದು, ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಮಿಗದ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದಂತೆ ಅಂತ ಅಜ್ಜಿಗೆ ಒಪ್ಪಿಸಿದ.

"ಇದು ಚಿಕ್ಕದಾ?" ಅಂದಳು ಅಜ್ಜಿ.

ಆದರೆ ಒಪ್ಪಿದಳು. ಲಗ್ನ ಕಟ್ಟಿಸಿದರು. ಒಪ್ಪದೇ ಇದ್ದವರು ಅಂದರೆ ಅವ್ವ, ಯಾಕೆಂದರೆ ಅವನ್ನೆಲ್ಲ ಕಟ್ಟಬೇಕಾದ ಕೈ ಅವಳದು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, ಓದಿಸಿದ್ದಕ್ಕೆ ಒಳ್ಳೇದು ಮಾಡಿದೆ ಕಣವ್ವ ಅಂತ ಒಂದೇ ಮಾತು ಅಂದಳು.

ಮೊದಲು ತಂಬಿಟ್ಟು ನಿಂಬೆಹಣ್ಣಿನ ಗಾತ್ರ ಅಂತಿತ್ತು. ಹಿಟ್ಟಿನ ಲೆಕ್ಕ ಹಾಕಿದ ಮೇಲೆ ನೆಲ್ಲಿಕಾಯಿ ಗಾತ್ರಕ್ಕೆ ಇಳಿಯಿತು. ಮೊದಲ ದಿನದ ಕೆಲಸ ಮುಗಿದ ಮೇಲೆ ಗೋಲಿಯ ಗಾತ್ರಕ್ಕೆ ಬಂತು. ಪಾಕ ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಕಲ್ಲು. ಅದಕ್ಕೇ ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ಅಪ್ಪನೂ ಪಂಚೆ ಎತ್ತಿ ಕಟ್ಟಿ ಕೂತ, ಕೈ ಸುಟ್ಟುಕೊಂಡು ಊದಿಕೊಳ್ಳುತ್ತಾ ಹೊಲದ ಕೆಲಸವೇ ವಾಸಿ ಅಂದ. ಒಂದೂ ಬಾಯಿಗೆ ಹೋಗಬಾರದು ಅಂತ ಅಜ್ಜಿ ನಮ್ಮ ಐದು ಜನರ ಬಾಯಿಗೂ ಒಂದೊಂದು ಲವಂಗ ಇಟ್ಟಿದ್ದಳು. ಬೆಲ್ಲದ ವಾಸನೆ ಮೂಗಿಗೆ, ಲವಂಗ ನಾಲಿಗೆಗೆ. ಈಗಲೂ ನನಗೆ ಲವಂಗ ಕಂಡರೆ ಆಗುವುದಿಲ್ಲ.

ಕಟ್ಟಿದ್ದನ್ನು ನೂರು ನೂರಾಗಿ ಮೊರದಲ್ಲಿ ಎಣಿಸಿ ಕುಕ್ಕೆಗೆ ಸುರಿಯುವ ಕೆಲಸ ಅಜ್ಜಿಯದು ಮತ್ತು ದೊಡ್ಡತ್ತೆಯದು. ನಮ್ಮ ಕಡೆ ಕಾಯಿಯಾಗಲಿ ರಾಗಿಯ ಸೇರಾಗಲಿ ಎಣಿಸುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಹಾಗೆ ಶುರು ಮಾಡಿದರೆ ಮನೆಗೆ ಒಳ್ಳೆಯದು. ಇಬ್ಬರೂ ಒಟ್ಟಿಗೇ ಲಾಭ ಅಂತ ಶುರು ಮಾಡುತ್ತಿದ್ದರು, ನೂರಕ್ಕೆ ಬರುವ ಹೊತ್ತಿಗೆ ದೊಡ್ಡತ್ತೆ ಪ್ರತಿ ಸಲ ಒಂದು ಹೆಜ್ಜೆ ಹಿಂದೆ. ಬೇಗ ಎಣಿಸೇ, ಕೈಗೆ ಏನಾಗಿದೆ ಅಂತ ಅಜ್ಜಿ ಗದರುತ್ತಿದ್ದಳು. ಅಜ್ಜಿ ಎಣಿಸಿದ್ದು ಹದಿನೈದು ನೂರು, ಮೇಲೆ ಇಪ್ಪತ್ತು. ದೊಡ್ಡತ್ತೆ ಹತ್ತು ನೂರು. ಕುಕ್ಕೆ ತುಂಬಿತು, ಹಳದಿ ಬಟ್ಟೆ ಕಟ್ಟಿಸಿಕೊಂಡಿತು, ದೇವರ ಮುಂದೆ ಕೂತಿತು.

ಮದುವೆ ನಮ್ಮ ಮನೆಯ ಮುಂದೆ ಚಪ್ಪರದಲ್ಲೇ ಆಯಿತು. ಧಾರೆ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಗಂಡಿನ ದೊಡ್ಡಪ್ಪ, ಬಿಳೀ ಮೀಸೆಯ ದೊಡ್ಡ ಆಳು, ಅಪ್ಪನ ಹೆಗಲ ಮೇಲೆ ಕೈ ಹಾಕಿ ತಮ್ಮ ಮನೆತನದ ಸುಖದುಃಖ ಹೇಳಿಕೊಂಡ. ಒಂಬತ್ತು ಒಲೆ ಇದ್ದವಂತೆ. ಮದುವೆಗೆ ಬರಲು ವ್ಯಾನಿನಲ್ಲಿ ಮುಂದಿನ ಸೀಟು ಯಾರಿಗೆ ಅಂತ ಜಗಳವಾಗಿ ಹೊರಡುವ ಮುಂಚೆಯೇ ಇಬ್ಬರು ಇದ್ದ ಒಲೆ ಬಿಟ್ಟು ಎರಡು ಹೊಸ ಒಲೆ ಹೂಡಿದರಂತೆ. ಈಗ ನೋಡಿ ಹನ್ನೊಂದು ಅಂತ ನಕ್ಕ.

ಅಪ್ಪ ನಗಲಿಲ್ಲ. ಸೀದಾ ಕತ್ತಲೆ ಕೋಣೆಗೆ ಬಂದು ವಾಡೆಯ ಹಿಂದೆ ಬಗ್ಗಿ ನೋಡಿದ.

"ಗೌರಿ, ಹನ್ನೊಂದಕ್ಕೆ?"

ನಾನು ಬೆರಳಲ್ಲೇ ಗೋಡೆಯ ಮೇಲೆ ಭಾಗಿಸಿದೆ. ಒಲೆಗೆ ಇನ್ನೂರ ಇಪ್ಪತ್ತೊಂಬತ್ತು, ಒಂದು ಮಿಗುತ್ತದೆ. ನಾನು ಹತ್ತರವರೆಗೆ ಮಾತ್ರ ಕರೆದಿದ್ದೆ, ಹನ್ನೊಂದು ಕರೆಯದೇ ಬಂದುಬಿಟ್ಟಿತ್ತು. ಅಜ್ಜಿ ಅಪ್ಪನ ಹಿಂದೆಯೇ ಬಂದಿದ್ದಳು, ಅವಳಿಗೂ ಕೇಳಿಸಿತು. ಕುಕ್ಕೆಯಿಂದ ಒಂದು ತೆಗೆದುಬಿಡೋಣ ಅಂದ ಅಪ್ಪ. ಕಟ್ಟಿದ ಬಟ್ಟೆ ನಾವು ಬಿಚ್ಚುವುದೇ, ಬೀಗರ ಕಣ್ಣೆದುರಿಗೆ, ಅಂತ ಅಜ್ಜಿ ಗೋಡೆ ಹಿಡಿದು ಕೂತಳು. ಆಗ ಬಾಗಿಲಲ್ಲಿ ದೊಡ್ಡತ್ತೆ ಬಂದು ನಿಂತಳು. ಮದುವೆಯ ದಿನ ಅವಳನ್ನು ಹಿಂದಿನ ಅಡುಗೆ ಒಲೆಗಳ ಹತ್ತಿರ ಬಿಟ್ಟಿದ್ದರು, ಮುಖವೆಲ್ಲ ಮಸಿ.

"ನಾನು ಹೆಣ್ಣಿನ ಜೊತೆ ಹೋಗ್ತೀನಿ. ಹಂಚೋವಾಗ ಪಕ್ಕದಲ್ಲೇ ಕೂತಿರ್ತೀನಿ. ತಳ ಕಾಣೋ ಹೊತ್ತಿಗೆ ಒಂದನ್ನ ಬಾಯಿಗೆ ಹಾಕ್ಕೊಂಡ್ಬಿಡ್ತೀನಿ."

ಅಜ್ಜಿ ಬೇಡ ಅಂದಳು. ಯಾಕೆ ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ, ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ವಾಪಸ್ಸು ಬಂದವಳನ್ನು ಹೊಸ ಹೆಣ್ಣಿನ ಜೊತೆ ಕಳಿಸುತ್ತಾರೆಯೇ. ಅಷ್ಟರಲ್ಲಿ ಚಿಕ್ಕತ್ತೆ, ಬಾಸಿಂಗ ಕಟ್ಟಿಕೊಂಡವಳು, ಯಾವಾಗ ಬಂದು ನಿಂತಿದ್ದಳೋ, ಅಕ್ಕ ಬರದಿದ್ದರೆ ನಾನೂ ಹೋಗಲ್ಲ ಅಂದಳು. ಅಲ್ಲಿಗೆ ಮುಗಿಯಿತು. ತಳ ಯಾವಾಗ ಕಾಣುತ್ತದೆ ಅಂತ ಎಣಿಸಿ ಹೇಳಲು ನನ್ನನ್ನೂ ಜೊತೆಗೆ ಹಾಕಿದರು. ನಾನು ಅಳುತ್ತಾ ವ್ಯಾನು ಹತ್ತಿದೆ. ಎಲ್ಲರೂ ಹೆಣ್ಣು ಕಳಿಸುವ ದುಃಖ ಅಂದುಕೊಂಡರು. ನನ್ನ ದುಃಖ ಬೇರೆ, ಅಲ್ಲಿ ವಾಡೆ ಇರುತ್ತದೋ ಇಲ್ಲವೋ ಅಂತ.

ಕಡೂರು, ಬೀರೂರು, ತರೀಕೆರೆ ದಾಟಿ ಅವರ ಊರು ಮುಟ್ಟಿದೆವು. ವಾಡೆ ಇರಲಿಲ್ಲ. ಹಜಾರದ ತುಂಬ ಜನ. ಕಂಬಳಿ ಹಾಸಿ ಹನ್ನೊಂದು ಹಿತ್ತಾಳೆ ತಟ್ಟೆ ಸಾಲಾಗಿ ಇಟ್ಟರು. ಹನ್ನೊಂದು ಒಲೆಯ ಹೆಂಗಸರು ತಟ್ಟೆಗಳ ಹಿಂದೆ ಕೂತರು, ಮುಂದಿನ ಸೀಟಿನ ಇಬ್ಬರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ. ಬಿಳೀ ಮೀಸೆಯ ದೊಡ್ಡಪ್ಪ ಬಟ್ಟೆ ಬಿಚ್ಚಿ ಇಣುಕಿ ನೋಡಿ, ಇದೇನು ತಂಬಿಟ್ಟೋ ಗೋಲಿಯೋ ಅಂದ. ಎಲ್ಲರೂ ನಕ್ಕರು. ಮೊದಲು ತಟ್ಟೆಗೆ ಹತ್ತು ಹತ್ತು ಹಾಕುತ್ತಾ ಹೋದ, ಕುಕ್ಕೆ ಇಳಿದ ಮೇಲೆ ಒಂದೊಂದು. ದೊಡ್ಡತ್ತೆ ಕುಕ್ಕೆಗೆ ಮೊಣಕಾಲು ತಗುಲುವಷ್ಟು ಹತ್ತಿರ ಕೂತು ಬೆರಳು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ಹೊಸಿಲ ಹತ್ತಿರ ಚಿಕ್ಕತ್ತೆ ತಲೆ ಬಗ್ಗಿಸಿ ಕೂತಿದ್ದಳು, ಅವಳ ಬಳೆ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು.

ನಾನು ದೊಡ್ಡತ್ತೆಯ ಬೆನ್ನಿಗೆ ಅಂಟಿಕೊಂಡು ಎಣಿಸುತ್ತಿದ್ದೆ. ತಟ್ಟೆಗೆ ಇನ್ನೂರ ಇಪ್ಪತ್ತೊಂಬತ್ತನೆಯದು ಬೀಳುವ ಸುತ್ತು. ಹನ್ನೊಂದನೇ ತಟ್ಟೆಗೆ ಬಿತ್ತು. ಈಗ ಒಂದೇ ಒಂದು ಮಿಕ್ಕಿರಬೇಕು. ದೊಡ್ಡತ್ತೆಯ ಬೆನ್ನು ಚಿವುಟಿದೆ, ಅದು ನಮ್ಮ ಗುರುತು. ಅವಳ ಕೈ ಕುಕ್ಕೆಗೆ ಇಳಿಯಿತು. ಅದರ ಜೊತೆಗೇ ನಾನೂ ಇಣುಕಿದೆ. ತಳದಲ್ಲಿ ಒಂದಿರಲಿಲ್ಲ. ಒಂದು ಹಿಡಿಯಷ್ಟಿತ್ತು. ಕಣ್ಣಲ್ಲೇ ಎಣಿಸಿದೆ, ಹನ್ನೊಂದು. ಅಷ್ಟು ಹೊತ್ತಿಗೆ ದೊಡ್ಡತ್ತೆಯ ಬೆರಳುಗಳಲ್ಲಿ ಒಂದು ಸಿಕ್ಕಿ, ಕೈ ಬಾಯಿಯ ಕಡೆ ಹೊರಟಿತ್ತು. ಪಕ್ಕದವರ ಕಿವಿಯಲ್ಲಿ ಹೇಳಲು ಹೊತ್ತಿರಲಿಲ್ಲ. ಆ ಹಜಾರದಲ್ಲಿ, ಗುರುತು ಪರಿಚಯ ಇಲ್ಲದ ಅಷ್ಟು ಜನರ ಮಧ್ಯೆ ಎದ್ದು ನಿಂತು, ನನ್ನದೇ ಅಂತ ನನಗೂ ಗುರುತು ಸಿಗದ ಗಂಟಲಿನಲ್ಲಿ ಕೂಗಿದೆ.

"ದೊಡ್ಡತ್ತೆ, ತಿನ್ನಬೇಡ. ಹನ್ನೊಂದಿದೆ."

ದೊಡ್ಡತ್ತೆ ಬಾಯಿ ತೆರೆದುಕೊಂಡೇ ನನ್ನನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ತಂಬಿಟ್ಟನ್ನು ನೋಡಿದಳು. ತಿನ್ನಲಿ ಬಿಡು ಮಗ, ನೀವೇ ತಂದಿರೋದು ಅಂದ ದೊಡ್ಡಪ್ಪ. ನನ್ನ ಬಾಯಿ ಒಮ್ಮೆ ತೆರೆದದ್ದು ಮುಚ್ಚಲಿಲ್ಲ.

"ತಟ್ಟೆಗೊಂದು ಹಾಕಿ ತಾತ, ಸರಿಹೋಗುತ್ತೆ," ಅಂದೆ.

ಅವನು ಹಾಕಿದ. ದೊಡ್ಡತ್ತೆ ತನ್ನ ಕೈಯದನ್ನು ಹನ್ನೊಂದನೇ ತಟ್ಟೆಗೆ ತಾನೇ ಇಟ್ಟಳು. ಕುಕ್ಕೆ ಖಾಲಿ. ದೊಡ್ಡಪ್ಪ ಅದನ್ನು ಬೋರಲು ಹಾಕಿ ತಟ್ಟಿದ, ಒಂದಿಷ್ಟು ಹಿಟ್ಟು ಬಿತ್ತು. ಲೆಕ್ಕ ಅಂದರೆ ಹೀಗಿರಬೇಕು, ನಮ್ಮ ಮುಂದಿನ ಸೀಟಿನ ಜಗಳವನ್ನೂ ಸೇರಿಸಿ ಎಣಿಸಿ ಕಳಿಸಿದ್ದಾರೆ ಅಂತ ನಕ್ಕ. ಬೆನ್ನು ತಿರುಗಿಸಿದ್ದ ಇಬ್ಬರು ಹೆಂಗಸರೂ ನಕ್ಕರು. ಹೊಸಿಲ ಹತ್ತಿರ ಬಳೆಗಳು ಸುಮ್ಮನಾದವು. ನಾನು ಅಲ್ಲೇ ಕುಕ್ಕರಿಸಿ ಕೂತೆ.

ಆದರೆ ಎರಡು ಸಾವಿರದ ಐನೂರ ಇಪ್ಪತ್ತು ಹನ್ನೊಂದಕ್ಕೆ ಭಾಗವಾಗುವುದಿಲ್ಲವಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ಬೀರೂರಿನಲ್ಲಿ ದೊಡ್ಡತ್ತೆ ಮಕ್ಕಳಿಗೆ ಅಂತ ಬಾಳೆಹಣ್ಣು ಕೊಂಡು, ಮಡಿಲಿಗೆ ಹಾಕಿಕೊಳ್ಳುತ್ತಾ ಎಣಿಸಿದಳು. ಲಾಭ, ಒಂದು, ಎರಡು, ಮೂರು. ನಾನು ತಿರುಗಿ ನೋಡಿದೆ. ನಮ್ಮ ಅಜ್ಜಿ ಲಾಭ ಆದ ಮೇಲೆ ಎರಡು ಅನ್ನುತ್ತಾಳೆ, ಲಾಭವೇ ಒಂದು. ದೊಡ್ಡತ್ತೆಗೆ ಲಾಭ ಬೇರೆ, ಒಂದು ಬೇರೆ. ಅತ್ತೆಮನೆಯಲ್ಲಿ ಕಲಿತದ್ದಂತೆ. ಅಲ್ಲಿ ಉಪ್ಪಿನ ಜಾಡಿಗೆ ಬೀಗ ಹಾಕುವ ಆ ಅತ್ತೆ ಕೂಲಿಯವರಿಂದ ಮೆಣಸಿನಕಾಯಿ ಬುಟ್ಟಿ ಎಣಿಸಿಕೊಳ್ಳುವಾಗ ಲಾಭವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಂತೆ. ದೊಡ್ಡತ್ತೆಯ ನೂರು ಅಂದರೆ ನೂರ ಒಂದು. ಅವಳು ಎಣಿಸಿದ್ದು ಹತ್ತು ನೂರು, ಹತ್ತು ತಂಬಿಟ್ಟು ಜಾಸ್ತಿ ಹೋಗಿತ್ತು. ಎರಡು ಸಾವಿರದ ಐನೂರ ಮೂವತ್ತು. ಹನ್ನೊಂದರಿಂದ ಭಾಗಿಸಿದರೆ ಇನ್ನೂರ ಮೂವತ್ತು, ಮಿಕ್ಕಿದ್ದು ಸೊನ್ನೆ. ಅವಳು ಒಂಬತ್ತು ನೂರು ಎಣಿಸಿದ್ದರೂ ಕೆಡುತ್ತಿತ್ತು, ಹನ್ನೊಂದು ನೂರು ಎಣಿಸಿದ್ದರೂ ಕೆಡುತ್ತಿತ್ತು. ನಾನು ಇದನ್ನು ಬಿಡಿಸಿ ಹೇಳಿದಾಗ ದೊಡ್ಡತ್ತೆ ಬಸ್ಸಿನಲ್ಲಿ ಎಲ್ಲರೂ ತಿರುಗುವ ಹಾಗೆ ನಕ್ಕಳು.

ಮನೆ ಮುಟ್ಟಿದಾಗ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು, ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಒಂದೂ ಮಿಗಲಿಲ್ಲ ಅಂದರೆ ನಂಬಲಿಲ್ಲ. ದೊಡ್ಡತ್ತೆ ಏನನ್ನೂ ಮುಚ್ಚಿಡದೆ ಬಾಳೆಹಣ್ಣನ್ನು ಇಟ್ಟು ಎಣಿಸಿ ತೋರಿಸಿದಳು, ಲಾಭ, ಒಂದು, ಎರಡು. ಅಜ್ಜಿಯ ಮುಖ ಮೊದಲು ಕೆಂಪಾಯಿತು. ಮನೆತನದ ಎಣಿಕೆ ಕೆಡಿಸಿದ್ದಕ್ಕೆ ಬೈಯಬೇಕೋ, ಮಗಳನ್ನು ಉಳಿಸಿದ್ದಕ್ಕೆ ಸುಮ್ಮನಿರಬೇಕೋ ತಿಳಿಯದೆ ಸೆರಗಿನ ತುದಿಯನ್ನು ಸುತ್ತುತ್ತಾ ಕೂತಳು. ಅಪ್ಪ ಕಂಬದ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದ. ಕೊನೆಗೆ ಅಜ್ಜಿಗೆ ಏನೋ ಹೊಳೆಯಿತು.

"ಹಂಗಾರೆ ನಿನ್ನ ಮದುವೇಲಿ ಮಿಕ್ಕಿದ್ದು ಮೂರು?" ಅಂದಳು. "ಆಗ್ಲೂ ನೀನೇ ಹಿಂಗೆ ಎಣಿಸಿದ್ದೇನೆ?"

"ನಾನು ಆಗ ಹಸೆ ಮೇಲೆ ಕೂತಿದ್ದೆ ಕಣವ್ವ," ಅಂದಳು ದೊಡ್ಡತ್ತೆ. "ಎಣಿಸಿದ್ದು ನೀನು."

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಮುದ್ದೆ ತಿರುವುವ ಸದ್ದು ಕೇಳಿಸಿತು. ಎಲ್ಲರೂ ಸಾಲಾಗಿ ಕೂತೆವು. ಆ ದಿನ ಅಜ್ಜಿ ಮುದ್ದೆಯನ್ನು ತೂಗಲಿಲ್ಲ, ಚಿವುಟಲಿಲ್ಲ. ಮೊದಲನೆಯದನ್ನು ತಂದು ದೊಡ್ಡತ್ತೆಯ ತಟ್ಟೆಗೆ ಹಾಕಿದಳು. ದೊಡ್ಡತ್ತೆ ನಗುವವಳು, ಆಗ ನಗಲಿಲ್ಲ, ತಟ್ಟೆ ನೋಡುತ್ತಾ ಕೂತಳು. ಉಣ್ಣು, ಆರೋಗ್ತದೆ ಅಂದಳು ಅಜ್ಜಿ.

ಇದು ಮಾನ್ಯ, ತೇಜು, ನಾನು ನಿಮಗೆ ಬಾಯಲ್ಲಿ ಹೇಳಲಾಗದ ಸಂಗತಿ. ಈ ಹಾಳೆಗಳನ್ನು ನೀವಿಬ್ಬರೂ ಪಾಲು ಮಾಡಿಕೊಳ್ಳಲು ಹೋಗಬೇಡಿ. ಒಂದೇ ಕಡೆ, ಇಲಿ ಸೇರದ ಜಾಗದಲ್ಲಿ, ಒಟ್ಟಿಗೆ ಜೋಪಾನವಾಗಿ ಇಟ್ಟಿರಿ.